ಅಮ್ಮನಿಗೆ ನೀರು ಹಾಕುವವರು

ಮೂಡಿಗೆರೆ
14–11–1998

ಗಿರಿಜಾ,

ಮೂರು ವರ್ಷದಿಂದ ಫೋನಿನಲ್ಲಿ ನನ್ನ ದನಿ ಕೇಳಿದ ತಕ್ಷಣ ಕೆಳಗಿಡುತ್ತೀಯ. ಕಾಗದವನ್ನು ಕೆಳಗಿಟ್ಟರೂ ಅಕ್ಷರ ಕಣ್ಣಿಗೆ ಬಿದ್ದೇ ಬೀಳುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಚಿಕ್ಕಪ್ಪನ ಮಗ ದೇವರಾಜ ಕಳಸದಲ್ಲಿ ನಿನ್ನ ಮನೆಗೆ ಬಂದಿದ್ದನಲ್ಲ, ಅಲ್ಲಿಂದ ನೇರ ಕಾಫಿ ಬೀಜದ ಸಿಪ್ಪೆ ಬಿಡಿಸುವ ನನ್ನ ಹಲ್ಲಿಂಗ್ ಮಿಲ್ಲಿಗೇ ಬಂದ. ಬಂದವನು ಕೂರಲೂ ಇಲ್ಲ. "ಚನ್ನಕೇಶವಣ್ಣ, ದೊಡ್ಡಮ್ಮನಿಗೆ ವಾರಕ್ಕೆ ಎರಡೇ ಸ್ನಾನ ಅಂತೆ ಮಾರಾಯ. ಬುಧವಾರ ಒಂದು, ಭಾನುವಾರ ಒಂದು. ಅದೂ ತಣ್ಣೀರಂತೆ. ಬೆನ್ನಿಗೆ ಸೋಪು ಮುಟ್ಟಿಸಲ್ವಂತೆ. ದೊಡ್ಡಮ್ಮನೇ ಕಣ್ಣೀರು ಹಾಕ್ಕೊಂಡು ಹೇಳಿದ್ರು" ಅಂದ. ಮಿಲ್ಲಿನ ಆಳುಗಳೆಲ್ಲ ಕೇಳಿಸಿಕೊಂಡರು.

ಏಳು ದಿನಕ್ಕೆ ಎರಡು ಸ್ನಾನ ಸರಿ, ಉಳಿದ ಐದು ದಿನ ಯಾವ ಲೆಕ್ಕಕ್ಕೆ ಸೇರುತ್ತವೆ ಎಂದು ತಿಳಿಸು. ಎಪ್ಪತ್ತೆಂಟು ವರ್ಷ ದಿನ ತಪ್ಪದೆ ಮಿಂದು ಒಲೆ ಮುಟ್ಟಿದ ಹೆಂಗಸು ಅವಳು. ನಾನು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದಾಗ ಲೈನ್ ಮನೆಯ ಆಳುಗಳಿಗೂ ದಿನಾ ಒಂದು ಹಂಡೆ ನೀರು ಕಾಯುತ್ತಿತ್ತು. ನೀನು ಟೀಚರು. ನಿನಗೆ ಪುರುಸೊತ್ತಿಲ್ಲದಿದ್ದರೆ ಇಲ್ಲ ಎಂದು ಬರೆ. ಅಮ್ಮನಿಗೆ ಮಗನೂ ಒಬ್ಬನಿದ್ದಾನೆ.

ಉತ್ತರ ಕಾಯುವ
ಚನ್ನಕೇಶವ


ಕಳಸ
22–11–1998

ಅಣ್ಣನಿಗೆ,

ದೇವರಾಜ ನಮ್ಮಲ್ಲಿ ಕೂತದ್ದು ಹದಿನೈದು ನಿಮಿಷ. ಅದರಲ್ಲಿ ಹತ್ತು ನಿಮಿಷ ಕಾಫಿಗೆ ಹೋಯಿತು. ಉಳಿದ ಐದು ನಿಮಿಷದಲ್ಲಿ ಅವನು ಕಂಡದ್ದರ ಮೇಲೆ ನೀನು ಎರಡು ಪುಟ ಬರೆದಿದ್ದೀಯ.

ವಾರಕ್ಕೆ ಎರಡು ಸ್ನಾನ ಎನ್ನುವುದು ನಿಜ. ಉಳಿದ ಐದು ದಿನ ಮುಖ, ಕಂಕುಳು, ತೊಡೆಸಂದು, ಪಾದಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಸೋಪೂ ಅಷ್ಟಕ್ಕೇ. ಅಮ್ಮನ ಚರ್ಮ ಈಗ ಈರುಳ್ಳಿಯ ಒಳಸಿಪ್ಪೆಯ ಹಾಗಿದೆ. ಹೋದ ಚಳಿಗಾಲ ಸೋಪು, ಸೀಗೆಪುಡಿ, ಸುಡುನೀರು ಎಲ್ಲ ಹಾಕಿ ತಿಕ್ಕಿದವಳು ನಾನೇ. ಮೊಣಕಾಲ ಕೆಳಗೆ ಬಿರುಕು ಬಿಟ್ಟು, ಅವಳು ಕೆರೆದು ಕೆರೆದು ಹಾಸಿಗೆಯಲ್ಲಿ ರಕ್ತದ ಚುಕ್ಕೆ. ಇಲ್ಲಿನ ನರ್ಸಮ್ಮ ನೋಡಿ, "ಟೀಚರೇ, ಇದು ತಾಮ್ರದ ಚೊಂಬಲ್ಲ, ಬೆಳಗೋದು ನಿಲ್ಸಿ" ಅಂದರು. ಅಂದಿನಿಂದ ಉಗುರುಬೆಚ್ಚಗಿನ ನೀರು, ಹತ್ತೇ ನಿಮಿಷ. ತಿಕ್ಕದೆ ಬಟ್ಟೆ ಒತ್ತಿ ಒರೆಸುವುದು, ಮೈ ಹಸಿ ಇರುವಾಗಲೇ ಕೊಬ್ಬರಿ ಎಣ್ಣೆ ಸವರುವುದು. ದೇವರಾಜನಿಗೆ ಜಿಡ್ಡು ಕಂಡಿರಬೇಕು.

ಇನ್ನೊಂದನ್ನು ನಿನಗೆ ಬರೆಯಬೇಡ ಎಂದು ಅಮ್ಮ ಆಣೆ ಹಾಕಿಸಿಕೊಂಡಿದ್ದಳು. ಅವಳ ಪಾದಕ್ಕೆ ಬಿಸಿ ಗೊತ್ತಾಗುವುದಿಲ್ಲ. ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ ಅದನ್ನು ತಿಂದುಹಾಕಿದೆ. ಆಷಾಢದಲ್ಲಿ ಬಚ್ಚಲ ಒಲೆ ಮುಂದೆ ಕೂತವಳ ಕಾಲ ಮೇಲೆ ಕೆಂಡ ಬಿದ್ದದ್ದು ಅವಳಿಗೆ ತಿಳಿಯಲಿಲ್ಲ. ಅಡುಗೆಮನೆಯಲ್ಲಿದ್ದ ನನಗೆ ವಾಸನೆ ಬಂತು. ಅದಕ್ಕೇ ನಾನು ಮೊಣಕೈ ಅದ್ದಿ ನೀರು ನೋಡುತ್ತೇನೆ, ಅವಳನ್ನು ಕೇಳುವುದಿಲ್ಲ. ಕೇಳಿದರೆ ಯಾವಾಗಲೂ "ಇನ್ನೊಂದು ಚೂರು" ಅನ್ನುತ್ತಾಳೆ. ಊರಿಗೆಲ್ಲ ತಣ್ಣೀರು ಎಂದು ಹೇಳುವುದೂ ಅದಕ್ಕೇ. ಹೇಳಿಕೊಳ್ಳಲಿ.

ಮೂರು ವರ್ಷದ ಹಿಂದೆ ನಮ್ಮ ಯಜಮಾನರು ತೀರಿಕೊಂಡಾಗ ಕಾಫಿ ಹಣ್ಣು ಕೊಯ್ಲು ಅಂತ ಬರದಿದ್ದವನು ನೀನು. ಈ ವರ್ಷವೂ ಕೊಯ್ಲು ಇದೆ. ನಿನ್ನ ಕೆಲಸ ನೋಡಿಕೊ.

ಗಿರಿಜಾಂಬಾ


ಮೂಡಿಗೆರೆ
1–12–1998

ಗಿರಿಜಾ,

ನಿನ್ನ ಕಾಗದ ಎರಡು ಸಲ ಓದಿದೆ. ನಲವತ್ತು ವರ್ಷ ಜನರ ನೆಪ ಕೇಳಿಕೊಂಡೇ ಮೇಲೆ ಬಂದವನು ನಾನು. ಕೆಲಸಕ್ಕೆ ಬಾರದ ಆಳು ಒಂದೇ ಕಾರಣ ಹೇಳಿದರೆ ನಂಬುತ್ತೇನೆ, ನಾಲ್ಕು ಹೇಳಿದರೆ ನಂಬುವುದಿಲ್ಲ. ನೀನು ಚರ್ಮ, ಸೋಪು, ಸಕ್ಕರೆ, ಕೆಂಡ ಎಲ್ಲ ಹೇಳಿದ್ದೀಯ.

ಪಾದಕ್ಕೆ ಬಿಸಿ ಗೊತ್ತಾಗದಿದ್ದರೆ ಅಮ್ಮ ನಡೆಯುವುದು ಹೇಗೆ? ದೀಪಾವಳಿಗೆ ಜೀಪು ಕಳಿಸಿ ಕರೆಸಿಕೊಂಡಾಗ ನನ್ನ ಕಣದಲ್ಲಿ ಒಣಗಲು ಹರಡಿದ ಪಾರ್ಚ್‌ಮೆಂಟ್ ಕಾಫಿ ಬೀಜದ ಮೇಲೆ ಬರಿಗಾಲಲ್ಲಿ ಓಡಾಡಿದಳು. ಚುಚ್ಚುತ್ತದೆ ಅಂತ ಒಂದು ಮಾತು ಆಡಲಿಲ್ಲ.

ಭಾನುವಾರ ಮತ್ತೆ ಜೀಪು ಬರುತ್ತದೆ. ಚಳಿ ಮುಗಿಯುವ ತನಕ ಅಮ್ಮ ಇಲ್ಲಿರಲಿ. ನನ್ನ ಬಚ್ಚಲಲ್ಲಿ ಅಜ್ಜನ ಕಾಲದ ತಾಮ್ರದ ಹಂಡೆ ಇದೆ, ಕಾಫಿ ಬೊಡ್ಡೆಯ ಸೌದೆ ಇದೆ, ಅಡುಗೆ ನೋಡಿಕೊಳ್ಳುವ ಯಲ್ಲಮ್ಮ ಇದ್ದಾಳೆ. ನಿನ್ನ ಅತ್ತಿಗೆ ಬದುಕಿದ್ದರೆ ನಿನಗೆ ಇಷ್ಟು ದಿನ ತೊಂದರೆ ಕೊಡುತ್ತಲೇ ಇರಲಿಲ್ಲ.

ಅಮ್ಮನನ್ನು ಕೇಳು, ಬರುತ್ತೀಯಾ ಅಂತ. ಅವಳು ಇಲ್ಲ ಅಂದರೆ ಜೀಪು ವಾಪಸು ಕಳಿಸು.

ನಿನ್ನ ಅಣ್ಣ
ಚನ್ನಕೇಶವ


ಕಳಸ
6–12–1998, ಬೆಳಿಗ್ಗೆ

ಅಣ್ಣನಿಗೆ,

ಕೇಳಿದೆ. "ಅವನ ಮನೇಲಿ ಬಿಸಿನೀರಾದ್ರೂ ಸಿಗ್ತದೆ" ಅಂದಳು. ಕಳಿಸುತ್ತಿದ್ದೇನೆ.

ಈ ಚೀಟಿಯನ್ನು ಅವಳ ಸೀರೆಗಳ ಮೇಲೆ ಇಟ್ಟಿದ್ದೇನೆ, ಕೆಳಗಲ್ಲ. ಯಲ್ಲಮ್ಮನಿಗೆ ಓದಿ ಹೇಳು. ಮೊದಲು ತಣ್ಣೀರು ಹಾಕಿ ಆಮೇಲೆ ಬಿಸಿ ಬೆರೆಸಬೇಕು. ಮೊಣಕೈ ಅದ್ದಿ ನೋಡಬೇಕು. ಕೂರಲು ಮಣೆ, ಕಾಲಡಿಗೆ ನಾರಿನ ಚಾಪೆ. ಎಣ್ಣೆ ಬಚ್ಚಲಿನಿಂದ ಹೊರಗೆ ಬಂದ ಮೇಲೆ, ಇಲ್ಲದಿದ್ದರೆ ಜಾರುತ್ತಾಳೆ. ಬೆರಳ ಸಂದಿಗೆ ಎಣ್ಣೆ ಬೇಡ, ಅಲ್ಲಿ ಒಣಗಿಸಿದರೆ ಸಾಕು. ದಿನಾ ಪಾದ ತಿರುಗಿಸಿ ಅಡಿ ನೋಡಬೇಕು. ಬಾಗಿಲಿಗೆ ಚಿಲಕ ಹಾಕಲು ಬಿಡಬಾರದು.

ಕೊನೆಯದು ಮುಖ್ಯ. ಬಿಸಿ ಸಾಕಾ ಎಂದು ಅವಳನ್ನು ಕೇಳಬಾರದು.

ಗಿರಿಜಾ


ಮೂಡಿಗೆರೆ
27–12–1998

ಗಿರಿಜಾ,

ಇಪ್ಪತ್ತು ದಿನ, ಇಪ್ಪತ್ತು ಸ್ನಾನ. ಒಂದೂ ತಪ್ಪಿಲ್ಲ.

ನಿನ್ನ ಚೀಟಿ ಸಿಕ್ಕಿತು. ಓದಿ ಮಡಚಿಟ್ಟೆ. ನನ್ನ ಮನೆಯಲ್ಲಿ ಹಿರಿಯರಿಗೆ ನೀರು ಹಾಕುವಾಗ "ಸಾಕಾ?" ಎಂದು ಕೇಳದೆ ಇರುವುದು ಎಲ್ಲಿಯಾದರೂ ಉಂಟೇ? ನೆಂಟರು ಬಂದರೆ ಮೊದಲು ಕೊಡುವುದೇ ಸುಡುನೀರು, ಆಮೇಲೆ ಊಟ. ಹೆತ್ತ ತಾಯಿಯನ್ನು ನೆಂಟರಿಗಿಂತ ಕಡೆ ಮಾಡಲಾ? ಯಲ್ಲಮ್ಮನಿಗೆ ಹೇಳಿದ್ದೇನೆ, ಅಮ್ಮ ಸಾಕು ಅನ್ನುವ ತನಕ ಬಿಸಿ ಹಾಕು ಅಂತ. ಬಾಗಿಲಾಚೆಯಿಂದ ನನಗೆ ಕೇಳಿಸುತ್ತದೆ: "ಸಾಕಾ ಅಮ್ಮ?" "ಇನ್ನೊಂದು ಚೂರು ಹಾಕೇ, ಕಳಸದಲ್ಲಿ ಚಳಿ ಹಿಡಿದ ಮೈ ಇದು." ಹೊರಗೆ ಬಂದಾಗ ಅಮ್ಮನ ಮುಖ ಹಣ್ಣಾದ ಕಾಫಿಯ ಹಾಗೆ ಕೆಂಪಗಿರುತ್ತದೆ. ನೋಡಿದರೆ ಸಂತೋಷವಾಗುತ್ತದೆ.

ಕೆರೆತ ಸ್ವಲ್ಪ ಇದೆ. ಕಾಲ ಮೇಲೆ ಬಿಳಿ ಗೆರೆ ಎದ್ದಿವೆ. ಮೂಡಿಗೆರೆಯ ಒಣಗಾಳಿ, ಇನ್ನೇನು. ಔಷಧಿ ಸೋಪು ತರಿಸಿದ್ದೇನೆ, ಯಲ್ಲಮ್ಮ ಎರಡು ಹೊತ್ತು ಹಚ್ಚಿ ತಿಕ್ಕುತ್ತಾಳೆ. ರಾತ್ರಿ ಚಳಿಗೆ ಉಣ್ಣೆ ಕಾಲುಚೀಲ ತಂದುಕೊಟ್ಟೆ. ಮಿಂದ ಮೇಲೆ ಅಮ್ಮ ಹಗಲೂ ಬಿಚ್ಚುವುದಿಲ್ಲ, ಅಷ್ಟು ಇಷ್ಟವಾಗಿದೆ.

ನಿನ್ನ ಬಗ್ಗೆ ಕೆಟ್ಟದಾಗಿ ಒಂದು ಮಾತು ಆಡಿಲ್ಲ ಅವಳು. ಒಳ್ಳೆಯದಾಗಿಯೂ ಆಡಿಲ್ಲ.

ಚನ್ನಕೇಶವ


ಕಳಸ
2–1–1999

ಅಣ್ಣಾ,

ನಿನ್ನ ಕಾಗದ ಈಗ ತಾನೆ ಬಂತು. ಬಸ್ಸಿನವನ ಕೈಯಲ್ಲಿ ಕಳಿಸೋಣ ಅಂದರೆ ಕೊಪ್ಪದ ಕಡೆ ಹೋಗುವ ಬಸ್ಸು, ಅಂಚೆಗೇ ಹಾಕುತ್ತಿದ್ದೇನೆ. ನಾಲ್ಕು ಸಲ ಫೋನ್ ಮಾಡಿದೆ. ಹೌದು, ನಾನೇ. ಲೈನು ಸತ್ತಿದೆ.

ಇದು ಸಿಕ್ಕಿದ ದಿನವೇ ಕಾಲುಚೀಲ ಬಿಚ್ಚಿಸು. ಯಲ್ಲಮ್ಮನಿಗೆ ಹೇಳಬೇಡ, ನೀನೇ ಬಿಚ್ಚು. ಬೆಳಕಿಗೆ ಕೂರಿಸಿ ಪಾದದ ಅಡಿ, ಬೆರಳ ಸಂದಿ ನೋಡು. ಅಮ್ಮ ಬೇಡ ಅನ್ನುತ್ತಾಳೆ. ಅಂದರೂ ನೋಡು.

ಇಷ್ಟು ದಿನ ನಿನ್ನಿಂದ ಏನೂ ಕೇಳಿಲ್ಲ. ಇದೊಂದು ಕೇಳುತ್ತಿದ್ದೇನೆ.

ಗಿರಿಜಾ


ಚಿಕ್ಕಮಗಳೂರು
10–1–1999

ಗಿರಿಜಾ,

ಅಮ್ಮ ಇಲ್ಲಿ ಆಸ್ಪತ್ರೆಯಲ್ಲಿದ್ದಾಳೆ. ಜೀವಕ್ಕೆ ಭಯವಿಲ್ಲ. ಎಡಗಾಲಿನ ಮಾತು ಬೇರೆ.

ಈ ಕಾಗದ ತರುವ ಡ್ರೈವರ್ ನಿನ್ನನ್ನು ಕರೆದುಕೊಂಡೇ ಬರುತ್ತಾನೆ. ದಾರಿಯಲ್ಲಿ ಓದಿಕೊ. ಎದುರಿಗೆ ನಿಂತು ಹೇಳಲು ನನಗೆ ಆಗುವುದಿಲ್ಲ.

ನಿನ್ನ ಕಾಗದ ಬುಧವಾರ ಆರನೇ ತಾರೀಕೇ ಬಂತು. ಕಣದಲ್ಲಿದ್ದೆ. ಪೋಸ್ಟ್‌ಮ್ಯಾನ್ ಕೈಗೆ ಕೊಟ್ಟ, ಒಡೆದು ಓದಿದೆ, ಅಂಗಿಯ ಜೇಬಿಗೆ ಹಾಕಿದೆ. ಅಂದು ಹಣ್ಣು ಸುಲಿಯುವ ಪಲ್ಪರ್ ಯಂತ್ರ ಕೆಟ್ಟಿತ್ತು. ಮರುದಿನ ಆಳು ಕಡಿಮೆ. ಅದರ ಮರುದಿನಕ್ಕೆ ಕಾರಣವೇ ಇರಲಿಲ್ಲ, ನೋಡಲಿಲ್ಲ ಅಷ್ಟೆ. ಹೆತ್ತ ತಾಯಿಯ ಕಾಲು ಹಿಡಿದು ಚೀಲ ಬಿಚ್ಚುವುದಕ್ಕೆ ನಾಚಿಕೆಯಾಯಿತು ಅಂತ ಬರೆದರೆ ನಂಬುತ್ತೀಯಾ? ನಮಸ್ಕಾರಕ್ಕೆ ಮುಟ್ಟಿದ ಪಾದ, ಬೇರೆ ಯಾವ ಕೆಲಸಕ್ಕೂ ಮುಟ್ಟಿದ್ದಿಲ್ಲ.

ಬುಧವಾರದಿಂದ ಅಮ್ಮ ಮೈ ಸರಿಯಿಲ್ಲ ಅಂತ ಮಿಂದೇ ಇರಲಿಲ್ಲವಂತೆ, ಚೀಲ ಬಿಚ್ಚಲೂ ಬಿಟ್ಟಿರಲಿಲ್ಲವಂತೆ. ಶನಿವಾರ ಯಲ್ಲಮ್ಮ ಕೂಗಿಕೊಂಡಳು. ಚೀಲ ಚರ್ಮಕ್ಕೆ ಅಂಟಿತ್ತು. ಎಳೆದಾಗ ಚರ್ಮ ಚೀಲದ ಜೊತೆ ಬಂತು. ನಾನು ಅವಳ ಮೇಲೆ ಎಗರಿದೆ. "ಯಾವಾಗ ಸುಟ್ಟೆ, ಹೇಳು" ಅಂದೆ. ಅವಳು ಹೆದರಲಿಲ್ಲ. "ಮಂಗಳವಾರ ಅಮ್ಮ ಕಾಲು ಚಳಿ ಅಂದ್ರು. ಹಂಡೆ ನೀರು ಬಕೆಟ್ಟಿಗೆ ತೋಡಿಸ್ಕೊಂಡು ಎರಡೂ ಪಾದ ಇಳಿಸ್ಕೊಂಡು ಕೂತ್ರು. ಸಾಕಾ ಅಮ್ಮ ಅಂದೆ, ಇನ್ನೊಂದು ಚೊಂಬು ಅಂದ್ರು. ನೀವೇ ಹೇಳಿದ್ದು ತಾನೆ ಅಯ್ಯಾ, ಸಾಕು ಅನ್ನೋ ತನಕ ಹಾಕು ಅಂತ? ಅವರು ಸಾಕು ಅನ್ನಲೇ ಇಲ್ಲ."

ಅಮ್ಮ ಗೋಡೆ ನೋಡುತ್ತಿದ್ದಳು.

ಡಾಕ್ಟರು ಬಲಗಾಲು ವಾಸಿಯಾಗುತ್ತದೆ ಅಂದರು. ಎಡಗಾಲಿನ ಕಿರುಬೆರಳು ಕಪ್ಪಾಗಿದೆ, ನಾಳೆ ತೆಗೆಯುತ್ತಾರೆ. ಅಲ್ಲಿಗೇ ನಿಲ್ಲುತ್ತದೋ ಇಲ್ಲವೋ ವಾರ ಬಿಟ್ಟು ಹೇಳುತ್ತಾರಂತೆ. "ಎರಡು ಮೂರು ದಿನ ಮೊದಲು ತಂದಿದ್ರೆ" ಎಂದು ಶುರು ಮಾಡಿ ನನ್ನ ಮುಖ ನೋಡಿ ನಿಲ್ಲಿಸಿದರು.

ಆರರಿಂದ ಒಂಬತ್ತಕ್ಕೆ ಮೂರು ದಿನ. ಕಾಗದ ಇನ್ನೂ ಜೇಬಿನಲ್ಲೇ ಇದೆ.

ಚನ್ನಕೇಶವ


ಮೂಡಿಗೆರೆ
12–2–1999

ಗಿರಿಜಾ,

ಆಸ್ಪತ್ರೆಯಲ್ಲಿ ನೀನು ಒಂಬತ್ತು ದಿನ ಇದ್ದೆ. ಅಮ್ಮನ ಹತ್ತಿರ ಮಾತಾಡಿದೆ, ನರ್ಸುಗಳ ಹತ್ತಿರ ಮಾತಾಡಿದೆ, ಪಕ್ಕದ ಹಾಸಿಗೆಯ ಹೆಂಗಸಿನ ಹತ್ತಿರ ಅವಳ ಮೂರೂ ಸೊಸೆಯರ ಸುದ್ದಿ ಕೇಳಿದೆ. ನನ್ನ ಹತ್ತಿರ ಮಾತ್ರ ಒಂದು ಮಾತಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಬೈಗುಳಕ್ಕೆ ನನ್ನ ಹತ್ತಿರ ಯಾವಾಗಲೂ ಉತ್ತರ ಇರುತ್ತದೆ.

ಒಂದೇ ಬೆರಳಿಗೆ ನಿಂತಿತು. ಆದರೆ ಗಾಯ ಮಾಯುವುದು ನಿಧಾನ. ದಿನ ಬಿಟ್ಟು ದಿನ ಇಲ್ಲಿ ಡ್ರೆಸ್ಸಿಂಗ್. ಒದ್ದೆಯಾಗಬಾರದು, ಕೊಳೆಯೂ ಆಗಬಾರದು. ಕಳಸದ ದಾರಿಯ ತಿರುವುಗಳಲ್ಲಿ ಜೀಪು ಹತ್ತಿಸಿ ನಿನ್ನಲ್ಲಿಗೆ ಕಳಿಸಲು ಡಾಕ್ಟರು ಒಪ್ಪುತ್ತಿಲ್ಲ.

ಯಲ್ಲಮ್ಮ ಅಡುಗೆ ಮಾಡುತ್ತೇನೆ, ಬಚ್ಚಲಿಗೆ ಕಾಲಿಡುವುದಿಲ್ಲ ಅನ್ನುತ್ತಾಳೆ. "ಇನ್ನೊಬ್ಬರ ಅಮ್ಮನ್ನ ಸುಡೋ ಪಾಪ ನಂಗೆ ಒಂದ್ಸಲ ಸಾಕು ಅಯ್ಯಾ" ಅಂದಳು. ಜವರಮ್ಮ ಅಂತ ಬಾಣಂತಿಯರಿಗೆ ನೀರು ಹಾಕುವವಳನ್ನು ಕರೆಸಿದೆ. ಮೊದಲ ದಿನವೇ ಕುದಿಯುವ ಹಂಡೆಯ ಮುಂದೆ ತೋಳು ಮಡಿಸಿ ನಿಂತಳು. ಬಾಗಿಲಿಂದಲೇ ವಾಪಸು ಕಳಿಸಿದೆ.

ಅಮ್ಮ ಹನ್ನೊಂದು ದಿನದಿಂದ ಮಿಂದಿಲ್ಲ. ನಾನು ಎಣಿಸಿದೆ. ನೀನು ಒಂದು ತಿಂಗಳು ರಜೆ ಹಾಕಿ ಬರುತ್ತೀಯಾ?

ಚನ್ನಕೇಶವ


ಕಳಸ
17–2–1999

ಅಣ್ಣನಿಗೆ,

ಏಳನೇ ತರಗತಿಗೆ ಪಬ್ಲಿಕ್ ಪರೀಕ್ಷೆ. ಈ ವರ್ಷ ಈಗಾಗಲೇ ಒಟ್ಟು ಹದಿನಾಲ್ಕು ದಿನ ರಜೆ ಆಯಿತು, ಇನ್ನು ಕೊಡುವುದಿಲ್ಲ.

ನೀನು ಹಾಕು. ಮಗ ತಾಯಿಗೆ ನೀರು ಹಾಕಬಾರದು ಎಂದು ಎಲ್ಲೂ ಬರೆದಿಲ್ಲ. ಬರೆದಿದ್ದರೆ ಅದನ್ನು ಬರೆದವನಿಗೆ ಅಕ್ಕತಂಗಿಯರಿದ್ದರು. ಹಳೆ ಪಂಚೆಯನ್ನು ಅವಳ ಕುತ್ತಿಗೆಯಿಂದ ಹೊದಿಸಿ ಕಟ್ಟು. ಒಳಗೆ ಕೈ ಹಾಕಿ ಅವಳೇ ಒರೆಸಿಕೊಳ್ಳುತ್ತಾಳೆ. ಬೆನ್ನು ಮತ್ತು ಕಾಲು ನಿನ್ನವು. ಗಾಯದ ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಸ್ಟೂಲಿನ ಮೇಲಿಡು. ಉಳಿದದ್ದು ಚೀಟಿಯಲ್ಲಿದೆ.

ಯುಗಾದಿ ಕಳೆದ ಮೇಲಿನ ಎರಡನೇ ಭಾನುವಾರ, ಮಾರ್ಚ್ 28ಕ್ಕೆ, ಜೀಪು ಮಾತಾಡಿಕೊಂಡು ಬರುತ್ತೇನೆ. ಅಷ್ಟರಲ್ಲಿ ಡಾಕ್ಟರು ಒಪ್ಪುತ್ತಾರೆ. ಅಮ್ಮನ ಬಟ್ಟೆ ಕಟ್ಟಿಡು. ಈ ಸಲ ಅವಳನ್ನೂ ಕೇಳುವುದಿಲ್ಲ, ನಿನ್ನನ್ನೂ ಕೇಳುವುದಿಲ್ಲ.

ಗಿರಿಜಾಂಬಾ


ಮೂಡಿಗೆರೆ
14–3–1999

ಗಿರಿಜಾ,

ಹತ್ತು ಸ್ನಾನವಾಯಿತು. ಹೊಗಳಿಕೊಳ್ಳುವುದಕ್ಕಲ್ಲ, ಒಪ್ಪಿಸಬೇಕಾದದ್ದನ್ನು ಒಪ್ಪಿಸುತ್ತಿದ್ದೇನೆ.

ಮೊದಲನೆಯ ದಿನ ಬಾಗಿಲಲ್ಲೇ ಕಾಲು ಗಂಟೆ ನಿಂತೆ. ಅಮ್ಮ ಮಣೆಯ ಮೇಲೆ ಪಂಚೆ ಹೊದ್ದು ಕೂತು, "ಹೊರಗೆ ನಿಂತ್ಕೊಂಡು ಹುಯ್ಯಕ್ಕೆ ನಾನೇನು ನರ್ಸರಿ ಗಿಡವಾ? ಬಾರೋ ಒಳಗೆ" ಅಂದಳು. ಹೋದೆ. ಮೊಣಕೈ ಅದ್ದಿದೆ. ಎಸ್ಟೇಟಿನಲ್ಲಿ ಬೀಜ ಕಚ್ಚಿ ತೇವ ಹೇಳುತ್ತಿದ್ದವನು ನಾನು, ನೀರಿನ ಹದ ತಿಳಿಯಲು ಮೂರು ಬಕೆಟ್ ಚೆಲ್ಲಬೇಕಾಯಿತು. ಅಮ್ಮ ಇನ್ನೊಂದು ಚೂರು ಬಿಸಿ ಅಂದಳು. ಆಗಲಿ ಅಂದು ಅದೇ ನೀರನ್ನು ಹುಯ್ದೆ. ಬೈದಳು. ಬೈಸಿಕೊಂಡೆ.

ಅವಳ ಬೆನ್ನು ಇಷ್ಟು ಸಣ್ಣದು ಅಂತ ಗೊತ್ತಿರಲಿಲ್ಲ.

ಈಗ ಹೇಳಬೇಕಾದದ್ದು. ನಿನ್ನೆ ಮೈ ಒರೆಸಿ ಹೊರಗೆ ಬಿಸಿಲಿಗೆ ಕೂರಿಸಿದೆ. ಗಾಯ ಮುಚ್ಚಿದೆ, ಪ್ಲಾಸ್ಟಿಕ್ ಬೇಡ ಎಂದು ಡಾಕ್ಟರು ಹೇಳಿದ್ದರು. ಕೆಳಗೆ ಕೂತು ಎಡ ಪಾದವನ್ನು ಮಡಿಲಲ್ಲಿ ಇಟ್ಟುಕೊಂಡೆ. ಉಳಿದ ನಾಲ್ಕು ಬೆರಳ ಸಂದಿಗೆ ಬಟ್ಟೆ ಹಾಕಿ ಒಂದೊಂದಾಗಿ ಒಣಗಿಸಿದೆ. ಅಡಿಗೆ, ಹಿಮ್ಮಡಿಗೆ ಎಣ್ಣೆ ಹಚ್ಚಿದೆ. ಬಲಗಾಲೂ ಹಾಗೇ. ಎಲ್ಲ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದೆ. ಅಮ್ಮ ಕಣ್ಣು ಮುಚ್ಚಿ ಬಿಸಿಲು ಕಾಯುತ್ತಿದ್ದವಳು, "ಎಷ್ಟು ಹೊತ್ತು ಮಾರಾಯ, ಶುರು ಮಾಡು. ಕಾಲು ಮುಟ್ಟಕ್ಕೆ ಇನ್ನೂ ನಾಚಿಕೆಯಾ?" ಅಂದಳು.

"ಆಯ್ತಮ್ಮ" ಅಂದೆ.

"ಏನು ಆಯ್ತು?"

ಅವಳೇ ಕಣ್ಣು ಬಿಟ್ಟು ಎಣ್ಣೆ ಮಿಂಚುತ್ತಿದ್ದ ಪಾದ ನೋಡಿದಳು. ಆಮೇಲೆ, "ಗೊತ್ತಾಗಲ್ಲ ಅಂದ್ರೆ ನೀವು ನನ್ನ ಮೂಲೆಗೆ ಕೂರಿಸ್ತೀರಿ. ಒಲೆ ಹತ್ರ ಬಿಡಲ್ಲ, ಬಚ್ಚಲಿಗೆ ಬಿಡಲ್ಲ. ಅದಕ್ಕೇ ಬಿಸಿ ಬಿಸಿ ಅಂತಿದ್ದೆ" ಅಂದಳು. ಸೆರಗು ಸರಿಮಾಡಿಕೊಂಡು, "ಗಿರಿಜಂಗೆ ಗೊತ್ತಿತ್ತು. ಅವಳ ಮೇಲೇ ಊರಿಗೆಲ್ಲ ದೂರು ಹೇಳಿದೆ" ಅಂದಳು.

ನೀನು ಮೊದಲನೆಯ ಕಾಗದದಲ್ಲೇ ಬರೆದಿದ್ದೆ. ನಾನು ಅದನ್ನು ನೆಪದ ಪಟ್ಟಿಗೆ ಸೇರಿಸಿದೆ.

28ಕ್ಕೆ ಬಾ. ಬಟ್ಟೆ ಕಟ್ಟಿಟ್ಟಿದ್ದೇನೆ. ತಡೆಯುವುದಿಲ್ಲ. ತಡೆಯುವ ಮುಖ ನನಗಿಲ್ಲ. ಇಟ್ಟುಕೊಳ್ಳಲೇ ಎಂದು ಕೇಳುವ ಆಸೆ ಇದೆ. ಕೇಳುವುದಿಲ್ಲ.

ಚನ್ನಕೇಶವ


ಕಳಸ
30–3–1999

ಅಣ್ಣಾ,

ಭಾನುವಾರ ನಾನು ಬರಲಿಲ್ಲ ಎಂದುಕೊಂಡಿರುತ್ತೀಯ. ಬಂದಿದ್ದೆ.

ಹತ್ತೂವರೆಗೆ ಜೀಪು ನಿನ್ನ ಗೇಟಿನ ಹೊರಗೆ ನಿಂತಿತು. ಯಲ್ಲಮ್ಮ ನೋಡಿದಳು, ಹೇಳಬೇಡ ಎಂದು ಸನ್ನೆ ಮಾಡಿದೆ. ಜಗಲಿಯಲ್ಲಿ ಅಮ್ಮನ ಗಂಟು ಕಟ್ಟಿಟ್ಟಿತ್ತು. ಒಳಗೆ ಬಂದು ಬಚ್ಚಲ ತೆರೆದ ಬಾಗಿಲ ಮರೆಯಲ್ಲಿ ನಿಂತೆ. ನೀನು ಬೆನ್ನು ತಿರುಗಿಸಿ ಮೊಣಕಾಲೂರಿ ಕೂತಿದ್ದೆ. ಅರವತ್ತು ವರ್ಷದ ಗಂಡಸು, ಪಂಚೆ ಒದ್ದೆ. ನೀನು ಮಿಲ್ಲಿನ ಆಳುಗಳಿಗೆ ಬೈಯುವ ಎಲ್ಲ ಮಾತಿನಲ್ಲೂ ಅಮ್ಮ ನಿನ್ನನ್ನು ಬೈಯುತ್ತಿದ್ದಳು. ನೀನು ನಗುತ್ತಾ ತಣ್ಣೀರು ಬೆರೆಸುತ್ತಿದ್ದೆ. ಆಮೇಲೆ ಅವಳು ಕಾಲು ಮುಂದೆ ಚಾಚಿ, "ತಗೋ, ನೋಡು" ಅಂದಳು.

ನನ್ನ ಹತ್ತಿರ ಆರು ವರ್ಷ ಇದ್ದಳು. ಒಂದು ದಿನವೂ ತಾನಾಗಿ ಕಾಲು ಕೊಡಲಿಲ್ಲ. ನಾನು ಹಿಡಿದು ಎಳೆದುಕೊಳ್ಳಬೇಕಿತ್ತು.

ಇದನ್ನು ಕ್ಷಮೆ ಎಂದು ತಿಳಿದುಕೊಳ್ಳಬೇಡ. ಆ ಬೆರಳು ನನ್ನ ಕಣ್ಣೆದುರಿಗೇ ಇರುತ್ತದೆ, ನಿನ್ನ ಕಣ್ಣೆದುರಿಗೂ ಇರಲಿ. ಹಿಮ್ಮಡಿಗೆ ಇನ್ನೂ ಸ್ವಲ್ಪ ಎಣ್ಣೆ ಬೇಕು, ಅಂಚು ಒಡೆಯುತ್ತಿದೆ.

ವಾಪಸು ಗೇಟಿಗೆ ಬಂದೆ. ಜೀಪಿನವನು ಹಿಂದಿನ ಸೀಟಿಗೆ ಕಂಬಳಿ ಹಾಸಿ, ದಿಂಬು ಇಟ್ಟು ಕಾಯುತ್ತಿದ್ದ. "ಅಜ್ಜಿ ಎಲ್ಲಿ ಟೀಚರೇ?" ಅಂದ.

"ಮೀಯಲು ಕೂತಿದ್ದಾರೆ, ನಡಿ" ಅಂದೆ.

ನಿನ್ನ ತಂಗಿ
ಗಿರಿಜಾ